ಎಡಗಡೆಯ ಜೇಬು

ಮಸೆರುವಿನ ಕಾರ್ಖಾನೆಯಲ್ಲಿ ನನ್ನ ಪಾಲಿಗೆ ಬಂದದ್ದು
ಜೀನ್ಸಿನ ಹಿಂದಣ ಜೇಬು, ಅದರಲ್ಲೂ ಎಡಗಡೆಯದು.
ಬಲಗಡೆಯದು ಪಕ್ಕದ ಪುಸೆಲೆತ್ಸೊಳದು.
ದಿನಕ್ಕೆ ಎಂಟುನೂರು. ಒಂಬತ್ತು ವರ್ಷ.
ಯಾವ ದೇಶದಲ್ಲಿ ಯಾರ ಸೊಂಟದ ಕೆಳಗೆ ಹೋಗಿ ಕೂತವೋ,
ಒಂದನ್ನೂ ನೋಡಿಲ್ಲ. ಹೊಲಿದಿದ್ದೇನೆ, ಅಷ್ಟೆ.

ಸತ್ಯವೇದವನ್ನೂ ಹಾಗೇ ಓದುತ್ತಿದ್ದೆ.

ಬೆಳಗಿನ ಐದಕ್ಕೆ, ಸೀಮೆಎಣ್ಣೆ ಒಲೆಯ ಮೇಲೆ ಗಂಜಿ ಕುದಿಯುವಾಗ,
ಸಭೆಯವರು ಕೊಟ್ಟ ಚೀಟಿಯಂತೆ ಮೂರು ಅಧ್ಯಾಯ,
ಮುಗಿದರೆ ಒಂದು ಗೀಟು.
ಜನವರಿಯಲ್ಲಿ ಸೃಷ್ಟಿ, ಫೆಬ್ರವರಿಯಲ್ಲಿ ಸಮುದ್ರ ಇಬ್ಭಾಗ,
ಮಾರ್ಚಿನ ಹೊತ್ತಿಗೆ ಯಾಜಕರ ಕಟ್ಟಳೆಗಳ ಕೆಸರಲ್ಲಿ
ಗಾಡಿ ಹೂತುಹೋಗುವುದು, ವರ್ಷವೂ ಅದೇ ಜಾಗದಲ್ಲಿ.
ಅದರಾಚೆಯ ಪುಟಗಳು ಹೊಸ ನೋಟಿನಂತೆ ಗರಿಗರಿ.
ಗೊತ್ತಿರುವ ಕತೆ ಬಂದರೆ ಇನ್ನೂ ಕಷ್ಟ:
ಕಣ್ಣು ಸಾಲಿನ ತುದಿ ಮುಟ್ಟುವ ಮೊದಲೇ
ನಾಲಿಗೆ ಮುಗಿಸಿ ಬಾಯಿ ಒರೆಸಿಕೊಂಡಿರುತ್ತದೆ.

ನಂಬಿಕೆ ಹೋಯಿತೇ ಎಂದು ಹೆದರಿದೆ.
ಹೋಗಿರಲಿಲ್ಲ. ಆಕಳಿಕೆ ಬರುತ್ತಿತ್ತು.
ಆಕಳಿಕೆಯನ್ನು ಪಾಪವೆಂದು ಯಾರೆದುರು ಅರಿಕೆ ಮಾಡುವುದು?

ಈಸ್ಟರಿಗೆ ಊರಿಗೆ ಹೋದೆ, ಬೆಟ್ಟದ ಮೇಲೆ,
ಬಸ್ಸಿಳಿದು ಎರಡು ತಾಸು ಕುದುರೆದಾರಿ.
ಅಣ್ಣನ ಕುರಿ ಕಾಯುವ ಹುಡುಗ ತ್ಸೆಲಿಸೊ,
ಹದಿಮೂರು ವರ್ಷ, ಒಂದು ಕಂಬಳಿ, ಗಮ್‌ಬೂಟು, ಮೂರು ನಾಯಿ.
ಶಾಲೆಯ ಮೆಟ್ಟಿಲು ಹತ್ತಿದವನಲ್ಲ.
ರಾತ್ರಿ ಬೆರಣಿಯ ಬೆಂಕಿಯ ಸುತ್ತ ಕೂತಾಗ ಅಣ್ಣ ಅಂದ,
"ಏನಾದರೂ ಓದೇ, ಪಟ್ಟಣದವಳು."
ಕುರಿಯವನಿಗೆ ಕುರಿಯ ಕತೆಯೇ ಇರಲಿ ಎಂದು
ಕಳೆದುಹೋದ ಆ ಒಂದು, ಬಿಟ್ಟುಹೋದ ಆ ತೊಂಬತ್ತೊಂಬತ್ತು,
ಪುಸ್ತಕ ತೆರೆಯದೆಯೇ ಹೇಳಿ ಮುಗಿಸಿದೆ.

ಹುಡುಗ ಕೋಲಿನಿಂದ ಬೆಂಕಿ ಕೆದಕಿದ.
"ತೊಂಬತ್ತೊಂಬತ್ತನ್ನು ಯಾರ ಕೈಗೆ ಒಪ್ಪಿಸಿ ಹೋದ?"

ಪುಸ್ತಕ ತೆರೆದೆ.
ಕೆಂಡದ ಬೆಳಕಿಗೆ ಹಿಡಿದು, ಬೆರಳಿಟ್ಟು,
ಒಂದೊಂದೇ ಪದ, ಈಗ ಅಕ್ಷರ ಕಲಿತವಳಂತೆ.
ಬರೆದಿಲ್ಲ ಅಂದೆ.

"ಬರೆಯದಿದ್ದರೆ? ನರಿ ಓದಿಕೊಂಡು ಬರುತ್ತದೆಯೇ?
ಗಡಿಯಾಚೆಯ ಕಳ್ಳರು? ಹೋದ ಚಳಿಗಾಲ ಹನ್ನೊಂದು ಹೋದವು,
ನಾನು ಒಂದನ್ನು ಹುಡುಕಲು ಹೋದ ರಾತ್ರಿಯೇ.
ನನ್ನ ವರ್ಷದ ಸಂಬಳದ ಕುರಿಗಳನ್ನು ಅದಕ್ಕೆ ಮುರಿದುಕೊಂಡರು."
ಅಣ್ಣ ಕೆಮ್ಮಿದ. ನಾಯಿ ಮಗ್ಗುಲು ಬದಲಿಸಿತು.
"ಆದರೂ ಅವನು ಹೋದ, ಅಲ್ಲವೇ?
ಹಾಗಾದರೆ ಅವನೇ ಧಣಿ ಇರಬೇಕು.
ಕೂಲಿಯವನಿಗೆ ಅಷ್ಟು ಧೈರ್ಯ ಬರುವುದಿಲ್ಲ."

ಇತ್ತು. ಮೊದಲ ಸಾಲಿನಲ್ಲೇ ಇತ್ತು,
ಕುರಿಗಳು ಅವನವೇ ಎಂದು.
ಮೂವತ್ತು ವರ್ಷ ಆ ಮಾತಿನ ಮೇಲೆ ನಡೆದಾಡಿದ್ದೆ,
ಒಮ್ಮೆಯೂ ಕಾಲಿಗೆ ತಾಕಿರಲಿಲ್ಲ.

ಈಗ ಚೀಟಿ ಒಲೆಗೆ ಹೋಯಿತು.
ಒಂದು ಕತೆ, ಒಂದು ವಾರ.
ತಪ್ಪಿದ ಹೊಲಿಗೆಯನ್ನು ಬಿಚ್ಚುವ ಹಾಗೆ
ಮೊನೆಯಿಂದ ಒಂದೊಂದೇ ದಾರ ಎತ್ತಿ,
ಬಟ್ಟೆಯನ್ನು ಒಳಮಗ್ಗುಲಿಗೆ ತಿರುಗಿಸಿ ನೋಡುತ್ತೇನೆ.
ಐದು ಸಾವಿರ ಜನ ಉಂಡ ಮೇಲೆ
ಆ ಹನ್ನೆರಡು ಬುಟ್ಟಿ ಯಾರ ಮನೆಯವು?
ಬಾವಿಕಟ್ಟೆಯಲ್ಲಿ ಅವಳು ಬಿಟ್ಟು ಓಡಿದ ಕೊಡ
ಸಂಜೆ ಅಲ್ಲೇ ಇತ್ತೇ?
ಅಂಚಿನಲ್ಲಿ ದರ್ಜಿಯ ನೀಲಿ ಸೀಮೆಸುಣ್ಣದಿಂದ ಗುರುತು ಹಾಕಿ
ಊಟದ ಬಿಡುವಿನಲ್ಲಿ ಪುಸೆಲೆತ್ಸೊಳನ್ನು ಕೇಳುತ್ತೇನೆ.
ಅವಳು ಬೇರೆ ಸಭೆಯವಳು, ಜಗಳ ಚೆನ್ನಾಗಿರುತ್ತದೆ.

ಆಕಳಿಕೆ ಪೂರ್ತಿ ಹೋಗಿಲ್ಲ.
ಕೆಲವು ಮುಂಜಾನೆ ಪುಟ ಬರೀ ಪುಟ, ಗಂಜಿ ಬರೀ ಗಂಜಿ.
ಆದರೆ ಕಟ್ಟಿಗೆ ಸೇರಿಸುವ ಮೊದಲು
ಪ್ರತಿ ಜೇಬಿನಲ್ಲೂ ಈಗ ಒಮ್ಮೆ ಕೈ ಇಳಿಸುತ್ತೇನೆ.
ಜೇಬೆಂದರೆ ಏನನ್ನಾದರೂ ಇಡುವ ಜಾಗ ಎಂಬುದೇ
ಮರೆತುಹೋಗಿತ್ತು.

ಭಾನುವಾರ ಅಣ್ಣನಿಗೆ ಫೋನು ಮಾಡುತ್ತೇನೆ.
ಹುಡುಗನ ಕುರಿ ಹಿಂದಕ್ಕೆ ಕೊಟ್ಟೆಯಾ, ಕೇಳುತ್ತೇನೆ.
ಈ ಸಲ ಹಿಮ ಬೇಗ ಬೀಳುವ ಹಾಗಿದೆ, ಅನ್ನುತ್ತಾನೆ.