ಕತ್ತರಿ ಹಾಕುವ ಮೊದಲು

ಉಪ್ಪಳದ ಗುಜರಿಯಲ್ಲಿ ಅಂದುಂಞಿಚ್ಚ
ಅದನ್ನು ತಕ್ಕಡಿಗೆ ಹಾಕಿದ್ದು
ಬಟ್ಟೆಯ ರೇಟಿಗಲ್ಲ, ಕಬ್ಬಿಣದ ರೇಟಿಗೂ ಅಲ್ಲ,
ನಡುವಿನ ಯಾವುದೋ ಒಂದಕ್ಕೆ.
ಒಂಬತ್ತು ಕಿಲೋ ಕೆಂಪು.
ನಾನು ಹೊಲಿಗೆಯವಳು, ಕಂಡದ್ದು ಬಟ್ಟೆ ಮಾತ್ರ:
ಎರಡು ಪದರ, ನಡುವೆ ಹತ್ತಿಯಂಥದ್ದು, ನೀರು ಕುಡಿಯದ್ದು.
ಸ್ಕೂಟರಿಗೆ ಮೂರು ಕವರು, ಉಳಿದ ಚೂರಿಗೆ ಬುತ್ತಿಚೀಲ.
ಬಸ್ಸು ಬಂದ್ಯೋಡು ಮುಟ್ಟುವುದರೊಳಗೆ
ಮನಸ್ಸಿನಲ್ಲೇ ಕತ್ತರಿಸಿ ಮುಗಿಸಿದ್ದೆ.

ಅಂಗಳದಲ್ಲಿ ಸೀಮೆಸುಣ್ಣದ ಗೆರೆ ಎಳೆಯುವಾಗ
ಬೇಲಿಯಾಚೆಯಿಂದ ತ್ಯಾಂಪಣ್ಣ:
"ಒಮ್ಮೆ ನಿಲ್ಲಿಸಿ ನೋಡುವ ವಾರಿಜಾ.
ಕೋಳಿಗಾದರೂ ಕೊಯ್ಯುವ ಮೊದಲು
ನೀರು ಕುಡಿಸುತ್ತೇವಲ್ಲ."

ಚೀಲದ ತಳದಲ್ಲೊಂದು ಕಾಗದ,
ಒಂದರಿಂದ ಏಳರವರೆಗೆ ಚಿತ್ರ.
ರೋಮದ ಟೊಪ್ಪಿಯವನೊಬ್ಬ, ಅವನ ನಾಯಿ,
ಸುತ್ತ ಏನೂ ಬಿಡಿಸದ ಬಿಳಿ.
ಮೂರರಲ್ಲಿ ಅವನು ಬೈರಿಗೆ ಹಿಡಿದು ನೆಲಕ್ಕೆ ತೂತು ಕೊರೆಯುತ್ತಾನೆ.
ನಾಲ್ಕನ್ನು ಗುಜರಿಯ ಇಲಿ ತಿಂದಿದೆ.
ಐದರಲ್ಲಿ ಆ ತೂತಿನಿಂದ ಮೀನು.
"ಮರಳಿರಬೇಕು," ಎಂದೆ ನಾನು.
ತ್ಯಾಂಪಣ್ಣ ಕಾಗದವನ್ನು ದೂರ ಹಿಡಿದ, ಹತ್ತಿರ ಹಿಡಿದ.
"ಐಸು ಮಾರಾಯ್ತಿ. ಇಡೀ ಹೊಳೆಯೇ ಐಸು."

ಮೂವತ್ತೊಂದು ವರ್ಷ ಐಸು ಪ್ಲಾಂಟಿನಲ್ಲಿದ್ದವ.
ತಗಡಿನ ಅಚ್ಚಿನಿಂದ ಗಡ್ಡೆ ಜಾರಿಸಿ, ಕೊಕ್ಕೆ ಹಾಕಿ ಎಳೆದು,
ಬೋಟಿಗೆ ಬೋಟು ತುಂಬಿದವ.
ಈಗ ಬಿಸಿ ಗಂಜಿಯ ಬಟ್ಟಲು ಹಿಡಿದರೂ
ಬೆರಳಿಗೆ ಸುದ್ದಿ ತಡವಾಗಿ ಮುಟ್ಟುತ್ತದೆ.
"ಕರೆಂಟಿಲ್ಲದೆ? ಅಮೋನಿಯಾ ಇಲ್ಲದೆ?
ಯಾರ ಸಂಬಳಕ್ಕೆ?"

ಶಿರಿಯದ ಅಳಿವೆಗೆ ರಿಕ್ಷಾದಲ್ಲಿ ಹೊತ್ತುಕೊಂಡು ಹೋದೆವು.
ಪ್ರತಿ ಗೋಡೆಯ ಹೊಟ್ಟೆಯಲ್ಲೂ ಒಂದು ಕುಣಿಕೆ.
ಹಿಡಿದೆಳೆದರೆ ಒಳಗಿನ ಕಡ್ಡಿಗಳು ಬಿಲ್ಲಾಗಿ
ಟಪ್ಪೆಂದು ಗೋಡೆ ಹೊರಗೆ ಉಬ್ಬುತ್ತದೆ.
ಮೊದಲನೆಯದು ಉಬ್ಬಿತು.
ಎರಡನೆಯದನ್ನು ಎಳೆಯುವಾಗ ಕಡಲ ಗಾಳಿ
ಮೊದಲನೆಯದನ್ನು ಒಳಗೆ ಗುದ್ದಿತು.
ಹೀಗೆ ಮೂರು ಸಲ, ನಡುವೆ ಒಂದು ಬೀಡಿ.
ಮಾಡು ಎತ್ತಲು ಒಳಗಿನಿಂದ ತಳ್ಳಬೇಕು.
ನಾನೇ ನುಗ್ಗಿದೆ, ಸೆರಗು ಸಿಕ್ಕಿಸಿ.
ಕತ್ತಲೆ, ಸೀಮೆಎಣ್ಣೆ, ಯಾವುದೋ ಮೀನಿನ ವಾಸನೆ.
ತ್ಯಾಂಪಣ್ಣ ತಲೆ ತೂರಿಸಿ ಮೂಸಿದ:
"ನಮ್ಮ ಕಡೆಯದ್ದಲ್ಲ. ಸಿಹಿನೀರಿನದ್ದು."

ಐಸಿಗೆಂದು ಮಾಡಿದ ತಿರುಪುಮೊಳೆ
ಮರಳಿನಲ್ಲಿ ಎಷ್ಟು ತಿರುಗಿಸಿದರೂ
ಹಲ್ಲಿಲ್ಲದ ಬಾಯಿಯ ಹಾಗೆ, ಏನನ್ನೂ ಕಚ್ಚದು.
ಸಿಮೆಂಟುಚೀಲಕ್ಕೆ ಮರಳು ತುಂಬಿ
ನಾಲ್ಕು ಮೂಲೆಗೆ ಕಟ್ಟಿದೆವು.
ಇಲಿ ತಿಂದ ನಾಲ್ಕನೆಯ ಚಿತ್ರ ಅದೇ ಇರಬೇಕು.

ನಿಂತಿತು.
ಮಾರ್ಚಿನ ಮೂರು ಗಂಟೆಯ ಬಿಸಿಲಿಗೆ
ಒಳಗೆ ಕುಚ್ಚಲಕ್ಕಿ ಬೇಯಿಸಬಹುದಿತ್ತು.
ಅದರ ನೆರಳಿನಲ್ಲಿ, ಹೊರಗೆ ಕೂತು ಗಾಳ ಹಾಕಿದೆವು.
ಸಿಕ್ಕಿದ್ದು ಎರಡು ಕಾಣೆ, ಒಂದು ಚಪ್ಪಲಿ.

ಆಮೇಲೆ ತ್ಯಾಂಪಣ್ಣ ಮೀನಿಗೆಂದು ತಂದ ಐಸಿನ ತುಂಡನ್ನು
ಗೋಣಿಯಿಂದ ಬಿಚ್ಚಿ ಒಬ್ಬನೇ ಒಳಗೆ ಹೋದ.
ನೆಲದ ಹಾಸಿನಲ್ಲಿ ದುಂಡಗೊಂದು ಕಂಡಿ ಉಂಟು,
ಅದರಲ್ಲಿ ಇಟ್ಟ. ಜಿಪ್ಪು ಎಳೆದುಕೊಂಡ.
ಎಷ್ಟು ಹೊತ್ತು!
"ಸತ್ತೆಯಾ?" ಎಂದೆ.
"ಇದಕ್ಕೆ ಅದರ ಗುರುತು ಸಿಗಲಿ ಅಂತ," ಎಂದ ಒಳಗಿನಿಂದ.
ಬೆವರು ಇಳಿಯುತ್ತಾ ಹೊರಗೆ ಬಂದವ
ನನ್ನ ಕೈಯನ್ನು ಮುಟ್ಟಿದ, ಅವನ ಬೆರಳು
ತಣ್ಣಗಿರುವುದು ನಾನೇ ಹೇಳಬೇಕಿತ್ತು.

ಇಳಿಬಿಸಿಲಿಗೆ ಗೋಡೆಯ ಮೇಲೆ
ನನ್ನ ಸೀಮೆಸುಣ್ಣದ ಗೆರೆ ಎದ್ದು ಕಂಡಿತು,
ಬಾಗಿಲಿಲ್ಲದಲ್ಲಿ ಬರೆದ ಬಾಗಿಲು.
ಅಳತೆ ಸರಿಯಾಗಿಯೇ ಇತ್ತು.

ಮಡಚುವ ಚಿತ್ರ ಏಳರೊಳಗೆ ಇರಲಿಲ್ಲ.
ಎರಡು ಗೋಡೆ ಒಪ್ಪಿದವು, ಮೂರನೆಯದು ಒಪ್ಪಲಿಲ್ಲ.
ರಿಕ್ಷಾದಲ್ಲಿ ಅರ್ಧ ಹೊರಗೆ, ಅರ್ಧ ನಮ್ಮ ಮಡಿಲಲ್ಲಿ,
ಬೇಕೂರು ತಿರುವಿನಲ್ಲೊಮ್ಮೆ ಟಪ್ಪೆಂದು
ಡ್ರೈವರನ ಬೆನ್ನಿಗೆ ಬಡಿದು, ಬೈಗುಳ ತಿಂದು.
ತ್ಯಾಂಪಣ್ಣ ಅದೊಂದನ್ನೂ ಕೇಳಿಸಿಕೊಳ್ಳಲಿಲ್ಲ.
"ಅಲ್ಲ ವಾರಿಜಾ," ಎಂದ,
"ಮೇಲೆ ಮುಚ್ಚಿದ್ದು
ಆ ಮೀನುಗಳಿಗೆ ಗೊತ್ತಾಗುವುದುಂಟಾ?"