ಎಂಟು ಚುಕ್ಕಿ

ರೋಣೂರು ನಾಡಕಚೇರಿ. ಜೂನ್ ತಿಂಗಳು.
ಜಾತಿ, ಆದಾಯ ಅಂತ ಕಿಟಕಿಯಾಚೆ
ಕಾಲೇಜು ಸೇರುವ ಹುಡುಗರ ಸಾಲು, ನೀರಿನ ಟ್ಯಾಂಕಿನ ತನಕ.

ಉಪತಹಶೀಲ್ದಾರರು ಕೋಲಾರದಲ್ಲಿ, ಮೀಟಿಂಗು.
ಫೋನಿನಲ್ಲಿ: "ಪ್ರಮೀಳಮ್ಮ, ನಿನ್ನ ಪಾಸ್‌ವರ್ಡ್ ಹೇಳಿಬಿಡು,
ಇಲ್ಲಿಂದಲೇ ಮುಗಿಸ್ತೀನಿ."

ಯಾರಿಗೂ ಹೇಳಕೂಡದು ಅನ್ನುತ್ತದೆ ಗೋಡೆಯ ಸುತ್ತೋಲೆ.
ನಾವ್ಯಾರೂ ಅದನ್ನು ಅಷ್ಟಾಗಿ ಪಾಲಿಸಿದವರಲ್ಲ;
ಅಶ್ವತ್ಥ ತನ್ನದನ್ನು ಕ್ಯಾಲೆಂಡರಿನ ಹಿಂದೆ ಬರೆದಿಟ್ಟಿದ್ದಾನೆ.

ನನ್ನದು ಒಂದು ಹೆಸರು.
ತೊಟ್ಟಿಲಿಗೆ ಹಾಕಿ ಕಿವಿಯಲ್ಲಿ ಉಸುರಬೇಕಿದ್ದದ್ದು.
ಒಂಬತ್ತೇ ದಿನ. ತೊಟ್ಟಿಲು ವಾಪಸು ಹೋಯಿತು.
ಜನನ ಪತ್ರವಿಲ್ಲ, ಇನ್ನೊಂದೂ ಇಲ್ಲ,
ದಿನಕ್ಕೆ ನೂರು ಪತ್ರ ಕೊಡುವವಳ ಹತ್ತಿರ.

ಬೆಳಿಗ್ಗೆ ಹತ್ತಕ್ಕೆ ಒತ್ತಿದರೆ
ಪರದೆಯ ಮೇಲೆ ಎಂಟು ಚುಕ್ಕಿ,
ಗೆರೆ ಎಳೆಯದೆ ಬಿಟ್ಟ ರಂಗೋಲಿ.
ಸರ್ಕಾರ ಬಾಗಿಲು ತೆರೆಯುತ್ತದೆ.

ನಲವತ್ತೈದು ದಿನಕ್ಕೊಮ್ಮೆ ಬದಲಿಸು ಅನ್ನುತ್ತದೆ.
ಕೊನೆಯ ಅಂಕಿ ಮಾತ್ರ ಏರಿಸುತ್ತೇನೆ,
ಅಂಗನವಾಡಿ ಕಾರ್ಡಿನಲ್ಲಿ ತೂಕ ಏರಿದ ಹಾಗೆ.

"ಹಲೋ? ಹೇಳಮ್ಮ, ಬರ್ಕೊಳ್ತಿದೀನಿ."
ಫೋನು ಅವರ ಕಿವಿಯಲ್ಲಿದೆ.
ಆ ಕಿವಿಗಲ್ಲ.

"ಸರ್ವರ್ ಡೌನ್ ಸಾರ್," ಅಂದೆ.
ಕಿಟಕಿಯ ಹುಡುಗ ನನ್ನ ಪರದೆ ನೋಡಿದ,
ಮುಖ ನೋಡಿದ,
ಏನೂ ಅನ್ನದೆ ಅರ್ಜಿ ಒಳಗೆ ತಳ್ಳಿದ.