ಇಳಿದ ಹೆಗಲು

ನನ್ನವ್ವ ಹೆಡ್ವಿಗಾ, ಜಾಬ್ಜೆಯ ಗಣಿಯಲ್ಲಿ
ಓಡುವ ಪಟ್ಟಿಯ ಪಕ್ಕ ನಿಂತು
ಹೆಸರಲ್ಲೇ ಕಲ್ಲಿರುವ ಇದ್ದಲಿನಿಂದ
ಕಲ್ಲು ಹೆಕ್ಕುವವಳು.
ಇಪ್ಪತ್ತೆರಡು ವರ್ಷ ಬಲಗೈಯೇ ಆಡಿದ್ದರಿಂದ
ಬಲ ಹೆಗಲು ಬೆರಳಷ್ಟು ಇಳಿದಿತ್ತು.
ಯಾವ ಕೋಟು ತೊಟ್ಟರೂ
ಗೂಟಕ್ಕೆ ಸೊಟ್ಟಗೆ ತಗುಲಿಹಾಕಿದಂತೆ.

"ನೀನೂ ಇದನ್ನೇ ಕಲಿತೆಯಾ?" ಅಂದಳು
ನಾನು ಗ್ಲಿವಿಟ್ಸೆಯ ಪ್ರಯೋಗಾಲಯ ಸೇರಿದ ದಿನ.
ಹೌದವ್ವ, ಇದನ್ನೇ. ಕಲ್ಲು ಮಾತ್ರ ಸಣ್ಣದು.

ಆಗೆಲ್ಲ ಯಂತ್ರ ಲೆಕ್ಕ ಹಾಕುತ್ತಿರಲಿಲ್ಲ.
ಕಾಗದದ ಸುರುಳಿಯ ಮೇಲೆ ಲೇಖನಿ ನಡುಗುತ್ತ
ಗುಡ್ಡ ಬರೆಯುತ್ತಿತ್ತು, ಆಮೇಲೆ ಬಯಲು, ಮತ್ತೆ ಗುಡ್ಡ.
ನಾವು ಹುಡುಗಿಯರು ಉಗುರು ಕತ್ತರಿಯಲ್ಲಿ
ಗುಡ್ಡಗಳನ್ನು ಕತ್ತರಿಸಿ ತಕ್ಕಡಿಗಿಟ್ಟು ತೂಗುತ್ತಿದ್ದೆವು:
ಕಾಗದ ಎಷ್ಟು ಭಾರವೋ ಅಷ್ಟು ಬೆಂಜೀನು.
ಯಾರಾದರೂ ಸೀನಿದರೆ
ಒಂದು ಬೆಳಗಿನ ದುಡಿಮೆ ಮೇಜಿನ ಕೆಳಗೆ.

ಬೇರ್ಪಡಿಸುವುದೆಂದರೆ ಎಳೆದಾಡಿ ಬಿಡಿಸುವುದು ಅಂತ
ಜಿಗ್ಫ್ರಿಡ್ ತಿಳಿದಿದ್ದ. ಟ್ರಾಮ್ ಓಡಿಸುವವನು, ನನ್ನ ಗಂಡ.
ಭಾನುವಾರ ಚರ್ಚಿನ ಬಾಗಿಲಲ್ಲಿ ನಿಲ್ಲಿಸಿ ತೋರಿಸಿದೆ:
ನೋಡು, ಎಲ್ಲರೂ ಒಟ್ಟಿಗೇ ಎದ್ದರು.
ಊರಿಗೆ ಹೊಸಬ, ಗುರುತಿನವರಿಲ್ಲ, ಮೊದಲು ಹೊರಬಿದ್ದ.
ಸೂಲಗಿತ್ತಿ ಎಲ್ಫ್ರಿಡಾ ಹೆಜ್ಜೆಗೊಬ್ಬರ ಕೈಗೆ ಸಿಕ್ಕು
ಇನ್ನೂ ಮೂರನೇ ಬೆಂಚಿನ ಹತ್ತಿರ.
ಯಾರೂ ಯಾರನ್ನೂ ತಳ್ಳಲಿಲ್ಲ.
ಯಾರು ಎಷ್ಟು ಹೊತ್ತು ಯಾರ ಬಳಿ ನಿಂತರೋ, ಅಷ್ಟೇ.
ಅವನು ಗಡಿಯಾರ ನೋಡಿಕೊಂಡ. ಪಾಳಿಗೆ ತಡವಾಗಿತ್ತು.

ಎಪ್ಪತ್ತೆಂಟರ ಚಳಿಗಾಲ, ಕೋಕ್ ಕಾರ್ಖಾನೆಯ ಹಿಂದಿನ
ಬಾವಿಯ ನೀರು ಆರು ಸೀಸೆಯಲ್ಲಿ ಬಂತು.
ಒಂದೇ ಗುಡ್ಡ, ಒಂದೇ ವಸ್ತು, ನಿರುಪದ್ರವಿ—
ಮೇಲಿನವರು ಬರೆದಾಗಿತ್ತು; ನನ್ನದೊಂದು ಸಹಿ ಬಾಕಿ.
ಆದರೆ ಗುಡ್ಡದ ಬಲ ಹೆಗಲು
ಕೂದಲೆಳೆಯಷ್ಟು ಇಳಿದಿತ್ತು.
ಆ ಹೆಗಲು ನನಗೆ ಗೊತ್ತು.
ಪೆನ್ನಿನ ಮುಚ್ಚಳ ಹಾಕಿದೆ.

ಗಾಜು ಊದುವ ಅಲೋಯ್ಜಿ, ಕೆನ್ನೆ ಜೋಲುಬಿದ್ದ ಮುದುಕ,
ಎರಡು ಬಾಟಲಿ ವೋಡ್ಕಾಕ್ಕೆ
ಆರು ಮೀಟರಿನ ಸುರುಳಿ ಕೊಳವೆ ಮಾಡಿಕೊಟ್ಟ.
ಚಮಚ ಚಮಚವಾಗಿ ಪುಡಿ ತುಂಬಿದೆ, ಪೆನ್ಸಿಲಿನಿಂದ ತಟ್ಟುತ್ತ,
ಹಟದ ಮಗುವನ್ನು ಮಲಗಿಸುವಂತೆ. ಮೂರು ಸಲ ಒಡೆಯಿತು.
ಹದಿನಾಲ್ಕು ತಿಂಗಳು.
ಒಂದು ರಾತ್ರಿ, ನಲವತ್ತೊಂದನೆಯ ನಿಮಿಷಕ್ಕೆ,
ಲೇಖನಿ ಇಳಿಯಿತು, ತಳ ಮುಟ್ಟಿತು,
ಉಸಿರೆಳೆದುಕೊಂಡು ಮತ್ತೆ ಏರಿತು.
ಎರಡು.
ಖಾಲಿ ಕೋಣೆಯಲ್ಲಿ ನಾನು ಎದ್ದು ನಿಂತಿದ್ದೆ.

ಅವ್ವನಿಗೆ ಆ ಕಾಗದ ತೋರಿಸಿದೆ.
ಗುಡ್ಡಗಳನ್ನು ಬಿಟ್ಟು ನಡುವಿನ ಬಯಲ ಮೇಲೆ ಬೆರಳಾಡಿಸಿದಳು.
"ಇಲ್ಲೇನಿದೆ?"
"ಏನೂ ಇಲ್ಲವ್ವ."
"ಈ ಏನೂ ಇಲ್ಲದ್ದಕ್ಕೆ ಹದಿನಾಲ್ಕು ತಿಂಗಳೇ?"
ಸ್ವಲ್ಪ ಹೊತ್ತಿನ ಮೇಲೆ, ತನಗೆ ತಾನೇ ಎಂಬಂತೆ:
"ಪಟ್ಟಿ ನಿಂತಾಗ ಹೀಗೇ ಇರುತ್ತಿತ್ತು."

ನಿರ್ದೇಶಕರು ನಕ್ಕರು: "ಒಂದು ಲೋಟ ನೀರನ್ನು
ನಲವತ್ತೊಂದು ನಿಮಿಷ ಯಾರು ಕುಡಿಯುತ್ತಾರಮ್ಮ?"
ವರದಿ ಕಪಾಟು ಸೇರಿತು. ಮೂರು ವರ್ಷದ ಮೇಲೆ
ಯಾರೋ ಬಾವಿಗೆ ಕಾಂಕ್ರೀಟು ಸುರಿದರು. ಕಾರಣ ಬರೆಯಲಿಲ್ಲ.
ಅಷ್ಟರಲ್ಲಿ ಎಷ್ಟು ಜನ ಕುಡಿದಿದ್ದರೋ
ಅದನ್ನಳೆಯುವ ಕೊಳವೆ ನನ್ನಲ್ಲಿರಲಿಲ್ಲ.

ಹಂಸ ಹಾಲಿನಿಂದ ನೀರು ಬಿಡಿಸುತ್ತದಂತೆ,
ಸಮ್ಮೇಳನವೊಂದರಲ್ಲಿ ದೂರದೇಶದ ಯಾರೋ ಹೇಳಿದರು.
ನಮ್ಮ ಕಾಲುವೆಯಲ್ಲೂ ಹಂಸಗಳಿವೆ.
ಹಳಸಿದ ಬ್ರೆಡ್ಡಿನ ಚೂರಿಗೆ ಕಚ್ಚಾಡುತ್ತವೆ,
ಆ ಕೆಲಸ ನಮಗೆ ಬಿಟ್ಟು.

ನಾಳೆಯಿಂದ ನಾನು ಬರಬೇಕಿಲ್ಲ.
ನನ್ನ ಕುರ್ಚಿಗೆ ಬರುವ ಕಿಂಗಾ
ಎರಡು ನಿಮಿಷದಲ್ಲಿ ಪರದೆಯ ಮೇಲೆ
ಇಪ್ಪತ್ತು ಗುಡ್ಡಗಳನ್ನು ಬಿಡಿಬಿಡಿಯಾಗಿ ನಿಲ್ಲಿಸುತ್ತಾಳೆ.
ಉಗುರು ಕತ್ತರಿ ಕಂಡು, "ಇದೇಕೆ ಇಲ್ಲಿ?" ಅಂದಳು.

ಖಾನೆಯ ತಳದಲ್ಲಿ ಒಂದು ಲಕೋಟೆ, ಅದರೊಳಗೆ
ಎರಡಾಗುವ ಮುಂಚಿನ ಆ ಗುಡ್ಡ,
ಹಳದಿಗಟ್ಟಿ, ಹೆಗಲು ಇಳಿಬಿಟ್ಟು.
ತಕ್ಕಡಿಗಿಟ್ಟೆ. ಹಿಂಬದಿ ಬರೆದಿಟ್ಟ ತೂಕಕ್ಕಿಂತ
ಮೂರು ಮಿಲಿಗ್ರಾಂ ಹೆಚ್ಚು.
ಕಾಗದ ಗಾಳಿಯ ತೇವ ಕುಡಿಯುತ್ತದೆ, ಅದಕ್ಕೆ, ಅಂದೆ.
ಕಿಂಗಾ ಬರೆದುಕೊಂಡಳು.